ಭಂಡಾರ ಬಿದ್ದ ತೊಟ್ಟಿಲ ಕೌದಿ

ನನ್ನ ಹೆಂಡತಿ ನಂದಾಳ ಮೇಲೆ ನನಗೊಂದು ಸಿಟ್ಟಿದೆ. ಬೆಳಿಗ್ಗೆ ಬಂದು ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆ ಇಳಿದುಹೋಗುವ ಸಿಟ್ಟಲ್ಲ (ಅಂಥವು ನನ್ನ ಹತ್ತಿರ ಬೇಕಾದಷ್ಟಿವೆ, ಊರಲ್ಲಿ ಯಾರನ್ನಾದರೂ ಕೇಳಿ). ಇದು ಜೋಪಾನ ಮಾಡಿ ಇಟ್ಟುಕೊಂಡ ಸಿಟ್ಟು. ಹೊಲಿಗೆ ಮಶೀನು ಮನೆಗೆ ಬಂದ ದಿನ ಅದನ್ನು ಜತ್ತದ ಪೇಟೆಯಿಂದ ಟೆಂಪೋದಲ್ಲಿ ಹೇರಿಕೊಂಡು ಬಂದವನು ನಾನು, ಇಳಿಸುವಾಗ ಬೆರಳು ಜಜ್ಜಿಸಿಕೊಂಡವನು ನಾನು, ಅದಕ್ಕೆ ಮೊದಲ ಎಣ್ಣೆ ಹಾಕಿದವನೂ ನಾನೇ. ಗಾಲಿಯ ಮೇಲೆ ಇನ್ನೇನು ಕೈಯಿಟ್ಟೆ, ಅಷ್ಟರಲ್ಲಿ ಓಣಿಯ ಹೆಂಗಸರೆಲ್ಲರ ಎದುರಿಗೆ ನಂದಾ ಹೇಳಿದಳು: "ಕೈ ತಗೀರಿ. ಅದು ಕುರಿ ಅಲ್ಲ."

ಓಣಿಗೆ ಓಣಿಯೇ ನಕ್ಕಿತು. ಹೌದು, ನಾನು ಕುರಿ ವ್ಯಾಪಾರಿ. ಮುಚ್ಚಂಡಿಯ ಅಮೋಗಸಿದ್ದ ಎಂದರೆ ಮಾಡಗ್ಯಾಳ ಸಂತೆಯಲ್ಲಿ ಕುರಿಯ ಬೆನ್ನು ಸವರಿಯೇ ಅದರ ವಯಸ್ಸು, ತೂಕ, ಸ್ವಭಾವ ಮತ್ತು ಅದರ ಒಡೆಯ ಹೇಳುತ್ತಿರುವ ಸುಳ್ಳು ಎಲ್ಲವನ್ನೂ ಕಂಡುಹಿಡಿಯುವವನು ಎಂದು ಹೆಸರಿದೆ. ಅಂಥ ಕೈಯನ್ನು ಒಂದು ಕಬ್ಬಿಣದ ಗಾಲಿಯ ಮೇಲಿಂದ ತೆಗೆಸಿದಳು. ಮರಾಠಿ ಸಾಲೆಯ ನಾಲ್ಕನೇ ಇಯತ್ತೆಯಲ್ಲಿ ಮಾಸ್ತರರೊಂದಿಗೆ ಜಗಳವಾಡಿ ಪಾಟಿಯನ್ನು ಅಲ್ಲೇ ಬಿಟ್ಟು ಹೊರಬಂದವನು ನಾನು. ಆ ಮಾಸ್ತರರನ್ನು ಕೂಡ ಕ್ಷಮಿಸಿದ್ದೇನೆ. ನಂದಾಳದ್ದು ಮಾತ್ರ ಇನ್ನೂ ಹಾಗೇ ಇದೆ.

ಇರಲಿ, ಸಂಗತಿಗೆ ಬರುತ್ತೇನೆ. ನಮ್ಮ ಮಗಳು ಕಾಜಲ್ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಗಂಡು ಕೂಸು. (ಮೂಗು ನನ್ನದೇ. ನಂದಾ ಒಪ್ಪುವುದಿಲ್ಲ, ಅದಕ್ಕೇ ಅದು ನಿಜ.) ಬಾಣಂತನ ಮುಗಿದು ತಾಯಿ-ಕೂಸು ಸೊರಡಿಗೆ, ಗಂಡನ ಮನೆಗೆ, ಹೊರಡುವ ದಿನ ಹತ್ತಿರ ಬಂತು. ತವರಿನವರು ಕೂಸಿನ ಜೊತೆಗೆ ತೊಟ್ಟಿಲು ಕೊಡಬೇಕು, ತೊಟ್ಟಿಲಿಗೆ ಹಾಸಲು ಬಟ್ಟೆಯ ಪದರು ಕೂಡಿಸಿ ಹೊಲಿದ ಕೌದಿ ಕೊಡಬೇಕು. ತೊಟ್ಟಿಲನ್ನು ಬಡಿಗ ಮಾಡುತ್ತಾನೆ. ತಪ್ಪು ಬಂದರೆ ಬಡಿಗನ ತಲೆಗೆ. ಕೌದಿಯನ್ನು ಮನೆಯಲ್ಲಿ ಹೊಲಿಯುತ್ತಾರೆ. ತಪ್ಪು ಬಂದರೆ ಮನೆತನದ ತಲೆಗೆ.

ಆ ತಪ್ಪನ್ನು ಹುಡುಕಲೆಂದೇ ಹುಟ್ಟಿದವಳು ನಮ್ಮ ಬೀಗತಿ, ಕಾಜಲ್‌ಳ ಅತ್ತೆ, ಹಣಮವ್ವ. ಮದುವೆಯಲ್ಲಿ ನಾವು ಕೊಟ್ಟ ಕೌದಿಯನ್ನು ಹಂದರದಲ್ಲಿ ಎಲ್ಲರ ಮುಂದೆ ಬಿಚ್ಚಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿ, ಬಲು ಮೆತ್ತಗೆ ಕೇಳಿದ್ದಳು: "ಕತ್ತಲದಾಗ ಹೊಲದೀರೇನ್ರಿ?" ಅಷ್ಟೇ. ಬೈದಿದ್ದರೆ ನಾನೂ ಬೈದು ಸಮ ಮಾಡಿಕೊಳ್ಳುತ್ತಿದ್ದೆ. ಆ ಮಾತು ಮಗಳ ಬೆನ್ನಿಗೆ ಬಿದ್ದು ಸೊರಡಿಯ ತನಕ ಹೋಯಿತು. ಅಲ್ಲಿ ರೊಟ್ಟಿ ಹರಿದರೆ "ತವರ ಮನಿ ಕೌದಿ ಹಂಗ", ಸಾರಿಗೆ ಉಪ್ಪು ಹೆಚ್ಚಾದರೆ "ತವರ ಮನಿ ಕೌದಿ ಹಂಗ". ಕೌದಿಗೂ ಸಾರಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಅಳಿಯ ರಾಜಕುಮಾರನಿಗೂ ಇರಲಿಲ್ಲ. ಈ ಸಲವೂ ಕೌದಿ ಕೆಟ್ಟರೆ ಮಗಳು ಆ ಮಾತನ್ನು ಮುಪ್ಪಿನ ತನಕ ತಿನ್ನಬೇಕು. ನಮ್ಮ ಮನೆಯ ರಾಷ್ಟ್ರೀಯ ಸಮಸ್ಯೆ ಅದಾಯಿತು.

ಪರಿಹಾರವನ್ನು ನಂದಾ ಫೋನಿನಲ್ಲಿ ಹುಡುಕಿದಳು. ಯಾವುದೋ ದೇಶದ ಹೆಂಗಸು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಮಶೀನಿನಲ್ಲೇ ಕೌದಿಯ ಮೇಲೆ ಹೂವು ಬಳ್ಳಿ ಬಿಡಿಸುತ್ತಿದ್ದಳು. ಸೂಜಿ ನಿಂತಲ್ಲೇ ಕುಟ್ಟುತ್ತಿರುತ್ತದೆ, ಬಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಬೇಕಾದತ್ತ ತಿರುಗಿಸುತ್ತ ಹೋಗುವುದು. ಮಶೀನಿನ ಹಲ್ಲು ಬಟ್ಟೆಯನ್ನು ತನ್ನಷ್ಟಕ್ಕೆ ಎಳೆಯಬಾರದೆಂದು ಹಲ್ಲುಗಳನ್ನು ಕೆಳಗಿಳಿಸಿಬಿಡುತ್ತಾರೆ. (ಹಲ್ಲಿಲ್ಲದೆಯೂ ಅಷ್ಟು ಸದ್ದು ಮಾಡುವುದನ್ನು ನಮ್ಮ ದೊಡ್ಡವ್ವನ ನಂತರ ನಾನು ಕಂಡದ್ದು ಈ ಮಶೀನಿನಲ್ಲೇ.) ಎತ್ತ ತಿರುಗಿಸಬೇಕೆಂದು ತಿಳಿಯಲು ಬಟ್ಟೆಯ ಮೇಲೆ ಮೊದಲೇ ಗುರುತು ಬೇಕು. ಅದಕ್ಕೆ ಸ್ಟೆನ್ಸಿಲ್ ಎಂಬ ಹಾಳೆ. ಅಂಗಳದಲ್ಲಿ ರಂಗೋಲಿ ಹಾಕುವ ತೂತಿನ ಅಚ್ಚು ಇರುತ್ತದಲ್ಲ, ಅದರ ಪೇಟೆಯ ತಂಗಿ. ತೆಳು ಪ್ಲಾಸ್ಟಿಕ್ಕಿನಲ್ಲಿ ಕಮಲದ ಗೆರೆ ಕೊರೆದಿರುತ್ತಾರೆ. ಬಟ್ಟೆಯ ಮೇಲೆ ಹಾಸಿ, ಪುಡಿಯ ಗಂಟಿನಿಂದ ತಟ್ಟಿದರೆ ಗೆರೆ ಬಟ್ಟೆಗೆ ಇಳಿಯುತ್ತದೆ. ಗೆರೆ ಹಿಡಿದು ಹೊಲಿದು, ಆಮೇಲೆ ಜಾಡಿಸಿದರೆ ಪುಡಿ ಹೋಗಿ ಬರೀ ಕಮಲ ಉಳಿಯುತ್ತದೆ. ಜಾಡಿಸಿದರೆ ಹೋಗಬೇಕು, ಅದೇ ಅದರ ಮರ್ಮ. ಈ ಮರ್ಮವನ್ನು ನಂದಾ ನನಗೆ ಹೇಳಿರಲಿಲ್ಲ. (ಹೇಳಿದ್ದೆ ಎನ್ನುತ್ತಾಳೆ.)

ಅಚ್ಚು ಪಾರ್ಸಲಿನಲ್ಲಿ ಬಂತು. ಪುಡಿಯ ಗಂಟಿಗೆ ಅಳಿಯನ ಕಾಲುಚೀಲ ಬಂತು. ದೀಪಾವಳಿಗೆ ಬಂದಿದ್ದ ರಾಜಕುಮಾರ ಒಂದು ಕಾಲಿನದನ್ನು ನಮ್ಮಲ್ಲೇ ಮರೆತು ಹೋಗಿದ್ದ. ನಮ್ಮ ಮನೆಯಲ್ಲಿ ಕಾಲುಚೀಲ ಹಾಕುವ ಗಣ್ಯರು ಯಾರೂ ಇಲ್ಲದ್ದರಿಂದ ಅದನ್ನು ಒಗೆದು ಶೋಕೇಸಿನಲ್ಲಿ ಇಟ್ಟಿದ್ದೆವು. ನಂದಾ ಅದರೊಳಗೆ ಬಿಳಿ ಚಾಕ್‌ಪೀಸಿನ ಪುಡಿ ತುಂಬಿ, ಅಚ್ಚಿನ ಮೇಲೆ ತಪ ತಪ ತಟ್ಟಿ, ಅಚ್ಚು ಎತ್ತಿದಳು. ನಾನು ಬಗ್ಗಿ ನೋಡಿದೆ. ಏನೂ ಇಲ್ಲ. ಯಾಕೆಂದರೆ ಬಟ್ಟೆಯೂ ಹಾಲಿನ ಬಣ್ಣದ್ದು. ಉಚ್ಚೆ ಹೊಯ್ಯುವುದನ್ನೇ ಪೂರ್ಣಾವಧಿ ಉದ್ಯೋಗ ಮಾಡಿಕೊಂಡ ಕೂಸಿಗೆ ಹಾಲಿನ ಬಣ್ಣದ ಕೌದಿ!

"ಕಾಣಸ್ತದೇನ್ರಿ?" ಎಂದಳು.

"ಕಾಣಸ್ತದ. ಹಾಲಿನಾಗ ಸುಣ್ಣ ಕಂಡಂಗ ಕಾಣಸ್ತದ."

"ಆಡಕೋಬ್ಯಾಡ್ರಿ. ಫೋನಿನಾಗ ಅಕಿ ಬಟ್ಟಿನೂ ಹಿಂಗಽ ಇತ್ತು."

"ಅಕಿ ಕೂಸೂ ಹಿಂಗಽ ಉಚ್ಚಿ ಹೊಯ್ತಿತ್ತೇನು?"

"ನೀಲಿ ಪುಡಿ ಬೇಕಾಗತದ. ಜತ್ತಕ್ಕ ಹೋಗಿ ತರತೀನಿ. ಬೀಗತಿ ಬರಾಕ ಇನ್ನ ವ್ಯಾಳ್ಯಾ ಅದ."

"ಅಲ್ಲೀತನಾ ನಾ ಏನ ಮಾಡ್ಲಿ?"

"ಏನೂ ಮಾಡಬ್ಯಾಡ್ರಿ. ಅದಽ ನೀವು ಮಾಡೂ ಉಪಕಾರ."

ಹೀಗೆ ಅಪ್ಪಣೆ ಕೊಟ್ಟು ಬಸ್ಸು ಹತ್ತಿ ಹೋದಳು. ಮಾಡು ಎಂದರೆ ನಾನು ಮಾಡದೆ ಇರಬಲ್ಲೆ, ಅದಕ್ಕೆ ಅಭ್ಯಾಸವಿದೆ. ಏನೂ ಮಾಡಬೇಡ ಎಂದರೆ ಮಾತ್ರ ನನ್ನ ಮೈಯೆಲ್ಲ ಉರಿಯುತ್ತದೆ. ಕಾಜಲ್ ಒಳಗೆ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ನಡುಮನೆಯಲ್ಲಿ ನಾನು, ಬಿಳಿ ಕೌದಿ ಮತ್ತು ಬಾಯಿ ಮುಚ್ಚಿಕೊಂಡ ಮಶೀನು. ಬಣ್ಣದ ಪುಡಿ ಒಂದಕ್ಕೋಸ್ಕರ ಜತ್ತದ ತನಕ ಹೋಗಬೇಕೆ? ಅಡುಗೆಮನೆಗೆ ನುಗ್ಗಿದೆ. ಜೋಳದ ಹಿಟ್ಟು: ಬಿಳಿ. ಉಪ್ಪು: ಅದೂ ಬಿಳಿ. ಖಾರದ ಪುಡಿ: ಬಣ್ಣವೇನೋ ಚಲೋ ಇತ್ತು, ಆದರೆ ಕೂಸಿನ ಕುಂಡಿ ನೆನಪಾಗಿ ಬಿಟ್ಟೆ. (ನನಗೆ ವಿವೇಕವಿಲ್ಲ ಎನ್ನುವವರು ಇದನ್ನು ಗಮನಿಸಬೇಕು.) ಹೊರಗೆ ಬರುವಾಗ ದೇವರ ಜಗುಲಿಯ ಮೇಲೆ ಕಣ್ಣು ಬಿತ್ತು. ತುಂಬಿದ ಡಬ್ಬಿ. ಭಂಡಾರ!

ನಮ್ಮದು ಕುರಿಗಾಹಿಗಳ ದೇವರು ಬೀರಪ್ಪನ ಒಕ್ಕಲು. ಭಂಡಾರ ಎಂದರೆ ಬೀರಪ್ಪನ ಪಾದಕ್ಕೆ ಮುಟ್ಟಿಸಿ ತಂದ ಅರಿಶಿನ ಪುಡಿ. ಹುಟ್ಟಿದ ಕೂಸಿನ ಹಣೆಗೆ ಅದೇ, ಮದುಮಗನ ತಲೆಗೆ ಅದೇ, ಹೊಸ ಕುರಿಯ ಬೆನ್ನಿಗೂ ಹೊಸ ಟ್ರ್ಯಾಕ್ಟರಿನ ಮೂತಿಗೂ ಅದೇ. ನಮ್ಮ ಮನೆಯಲ್ಲಿ ಸಕ್ಕರೆ ತೀರುವುದುಂಟು, ಭಂಡಾರ ತೀರುವುದಿಲ್ಲ. ಕೈಗೆಟಕುವ ಜಾಗದಲ್ಲಿ ಇಷ್ಟೊಂದು ಹಳದಿ ಇಟ್ಟುಕೊಂಡು ನೀಲಿ ತರಲು ಬಸ್ಸು ಹತ್ತುವ ಹೆಂಗಸಿನ ಬುದ್ಧಿಗೆ ಏನನ್ನಬೇಕು?

ಕಾಲುಚೀಲದ ಚಾಕ್‌ಪೀಸಿನ ಪುಡಿಯನ್ನು ಅಂಗಳಕ್ಕೆ ಕೊಡವಿ ಭಂಡಾರ ತುಂಬಿದೆ. ನಡುವೆ ದೊಡ್ಡ ಕಮಲ, ಅದರ ಸುತ್ತ ಬಳ್ಳಿ, ಮೂಲೆಗೆ ಮೊಗ್ಗು. ಅಚ್ಚು ಸರಿಸುವುದು, ತಟ್ಟುವುದು, ಎತ್ತುವುದು. ಅಬ್ಬಾ, ಹಾಲಿನ ಮೇಲೆ ಬಂಗಾರದ ಗೆರೆ! ಫ್ಯಾನು ಹಚ್ಚಿದೆ, ಒಂದು ಕಣ ಹಾರಲಿಲ್ಲ. ಇಷ್ಟು ಗಟ್ಟಿ ಹಿಡಿಯುವ ಪುಡಿ ಆ ಕನ್ನಡಕದ ಹೆಂಗಸಿಗೂ ಸಿಕ್ಕಿರಲಾರದು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. (ಅಂಗಿಯ ಬೆನ್ನಿನ ಮೇಲೆ ಹಳದಿ ಕೈ ಮೂಡಿದ್ದು ಹೀಗೆ.)

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮಶೀನು ನನ್ನನ್ನೇ ನೋಡುತ್ತಿತ್ತು. ಇದರಲ್ಲೇನಿದೆ, ಹಿಂಡು ತಿರುಗಿಸಿದ ಹಾಗೆ ಎಂದುಕೊಂಡು ಕುಳಿತೆ. ಹಿಂಡನ್ನು ಎಳೆಯಬಾರದು, ಹಿಂದೆ ಹಿಂದೆ ಹೋಗಿ ಮೆಲ್ಲಗೆ ಬಾಗಿಸಬೇಕು. ಪೆಡಲ್ ಒತ್ತಿದೆ. ಮಶೀನು ಓಡಿತು, ಕೈ ಓಡಲಿಲ್ಲ. ಒಂದೇ ಕಡೆ ದಾರ ಬಿದ್ದೂ ಬಿದ್ದೂ ಇರುವೆ ಗೂಡಿನಂತಾಯಿತು. ಸಿಟ್ಟಿನಿಂದ ಬಟ್ಟೆ ಎಳೆದೆ. ಈಗ ಕೈ ಓಡಿತು, ಮಶೀನು ಹಿಂದೆ ಬಿತ್ತು. ಹೊಲಿಗೆ ಒಂದೊಂದೂ ಗೇಣುದ್ದ. ಮಶೀನಿಗೆ ಅದರ ಅವ್ವನ ಮೇಲೊಂದು, ಅಪ್ಪನ ಮೇಲೊಂದು ಬೈದು ಮತ್ತೆ ಒತ್ತಿದೆ. ಎಸಳಿನ ತುದಿ ಬಂತು, ಬಟ್ಟೆ ತಿರುಗಲಿಲ್ಲ, ತುದಿ ಕೆಳಕ್ಕೆ ಬಾಗಿ ಕೂತಿತು. ಇನ್ನೊಂದು ತಕರಾರೂ ಇದೆ. ಪ್ಲಾಸ್ಟಿಕ್ ಹಾಳೆ ಉದುರಿ ಬೀಳಬಾರದೆಂದು ಅಚ್ಚಿನಲ್ಲಿ ಅಲ್ಲಲ್ಲಿ ಗೆರೆ ಕೊರೆಯದೆ ಸಂದು ಬಿಟ್ಟಿರುತ್ತಾರೆ. ಆ ಸಂದನ್ನು ಹೊಲಿಯುವವರೇ ಕೂಡಿಸಿಕೊಳ್ಳಬೇಕಂತೆ. ನನಗೆ ಯಾರು ಹೇಳಿದ್ದರು? ಗೆರೆ ಮುಗಿದಲ್ಲಿ ನಾನು ಪ್ರಾಮಾಣಿಕವಾಗಿ ದಾರ ಕಡಿದೆ. ಒಂದೊಂದು ಎಸಳೂ ಬಾಯಿ ತೆರೆದುಕೊಂಡು ಉಳಿಯಿತು.

ನಂದಾ ನೀಲಿ ಪುಡಿ ಹಿಡಿದು ಬಂದಾಗ ನಡುವಿನ ಕಮಲ ಮುಗಿದಿತ್ತು. ಬಾಗಿಲಲ್ಲೇ ನಿಂತಳು.

"ಇದೇನ್ರಿ?"

"ಕಮಲ."

"ಇದು ಕಮಲಾ? ಮಾಡಗ್ಯಾಳ ಕುರಿ ಮಾರಿ ಇದು! ಮೂಗು ನೋಡ್ರಿ ಹೆಂಗ ಬಾಗ್ಯಾವ. ಬಾಯಿ ತಗದು ಒದರಲಿಕ್ಕಹತ್ತ್ಯಾವ!"

(ನಮ್ಮ ಮಾಡಗ್ಯಾಳದ ಕುರಿಗೆ ಗಿಣಿಯ ಕೊಕ್ಕಿನಂತೆ ಬಾಗಿದ ಮೂಗು. ಅದಕ್ಕೇ ಅದರ ಬೆಲೆ. ಅದನ್ನು ಅವಳು ಬೈಗುಳವಾಗಿ ಬಳಸಿದ್ದು ನನಗೆ ಸೇರಲಿಲ್ಲ.)

"ಗೆರಿ ನೋಡು ಮೊದಲ. ನಿನ್ನ ನೀಲಿ ಇಷ್ಟ ಚಲೋ ಕಾಣತಿತ್ತೇನು?"

ಆಗ ಅವಳ ಮೂಗಿಗೆ ವಾಸನೆ ಬಡಿಯಿತು. ಕಾಲುಚೀಲವನ್ನು ಎತ್ತಿದಳು, ಒಳಗೆ ನೋಡಿದಳು, ಜಗುಲಿಯ ಕಡೆ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಬೀರಪ್ಪನ್ನ ಅಳಿಯನ ಸಾಕ್ಸಿನಾಗ ತುರಕೀರೇನ್ರಿ?"

"ಒಗದಿದ್ದಽ ಅದ!"

"ಒಗದಿದ್ರ? ಭಂಡಾರ ಅಂದ್ರ ದೇವರು. ಕಾಲಾಗ ಒಂದು ಚೂರು ಬಿದ್ರ ಕಣ್ಣಿಗಿ ಒತ್ತಿಗೋತೀವಿ. ಇದರ ಮ್ಯಾಲ ಕೂಸಿನ್ನ ಮಲಗಸಲಿ? ಅದು ಉಚ್ಚಿ ಹೊಯ್ದ್ರ ಯಾರ ಹೊಣಿ?"

ಇದು ನನಗೆ ಹೊಳೆದಿರಲಿಲ್ಲ. ಹೊಳೆದಿರಲಿಲ್ಲ ಎಂದು ಒಪ್ಪಿಕೊಳ್ಳುವುದು ನನ್ನ ಜಾಯಮಾನದಲ್ಲಿಲ್ಲ. "ಹೊಯ್ಯಬ್ಯಾಡ ಅಂತ ಕೂಸಿಗಿ ಹೇಳಿದ್ರಾತು," ಎಂದೆ.

ಒಳಗಿನಿಂದ ಕೂಸನ್ನು ಎತ್ತಿಕೊಂಡು ಬಂದ ಕಾಜಲ್ ಕೌದಿ ನೋಡಿ ಅಳುವುದೋ ನಗುವುದೋ ತಿಳಿಯದೆ, "ಅಪ್ಪಾ, ಇಷ್ಟ ದೊಡ್ಡಾಂವಾಗಿ ನೀನಽ ಯಾರ ಮಾತೂ ಕೇಳಂಗಿಲ್ಲ, ಅದು ಕೇಳತದೇನು?" ಎಂದಳು. ಆಮೇಲೆ ಅವಳ ದನಿ ಸಣ್ಣದಾಯಿತು. "ಅತ್ಯಾರು ಏನಂತಾರ ಈಗ?"

ಆ ಒಂದು ಮಾತಿಗೆ ಎದ್ದು ಕೌದಿಯನ್ನು ಅಂಗಳಕ್ಕೆ ಒಯ್ದು ಜಾಡಿಸಿದೆ. ಹೋಗಲಿಲ್ಲ. ಕೋಲಿನಿಂದ ಬಡಿದೆ. ಹೋಗಲಿಲ್ಲ. ಅರಿಶಿನ ನೋಡಿ, ಹಿಡಿದದ್ದನ್ನು ಬಿಡುವ ಜಾತಿಯದಲ್ಲ. ಒಗೆಯುವ ಕಲ್ಲಿನ ಮೇಲೆ ಹಾಕಿ, ಸಾಬೂನು ತೆಗೆದುಕೊಂಡು, ಒಂದು ಬದಿಯನ್ನು ನನ್ನ ಸಿಟ್ಟೆಲ್ಲ ಸೇರಿಸಿ ಉಜ್ಜಿದೆ. ನೋಡುತ್ತಿದ್ದಂತೆಯೇ ಬಂಗಾರದ ಬಳ್ಳಿ ರಕ್ತದಂತೆ ಕೆಂಪಗಾಯಿತು. ಅರಿಶಿನಕ್ಕೆ ಸಾಬೂನು ತಾಗಿದರೆ ಕೆಂಪಾಗುತ್ತದೆ ಎಂಬುದು ಲೋಕದ ಎಲ್ಲ ಹೆಂಗಸರಿಗೂ ಗೊತ್ತಂತೆ. ಹೊರಗೆ ಬಂದ ನಂದಾ ಸೊಂಟದ ಮೇಲೆ ಕೈಯಿಟ್ಟು, "ಕುಂಕಮ ಒಂದು ಕಮ್ಮಿ ಇತ್ತು. ಅದನ್ನೂ ಏರಿಸಿದ್ರಿ. ಇನ್ನ ಟೆಂಗಿನಕಾಯಿ ಒಡೀರಿ," ಎಂದಳು.

ಒಡೆಯುವ ಸಿಟ್ಟು ನನಗೂ ಬಂದಿತ್ತು, ಟೆಂಗಿನಕಾಯಿಯನ್ನಲ್ಲ, ಬಕೀಟನ್ನು. ಒದ್ದೆ. ಬಕೀಟು ಉರುಳುತ್ತ ಬಾಗಿಲಿನ ತನಕ ಹೋಗಿ, ಆಗಷ್ಟೇ ಬಂದು ನಿಂತ ಜೀಪಿನ ಗಾಲಿಗೆ ಬಡಿಯಿತು. ಜೀಪಿನಿಂದ ಇಳಿದವಳು ಹಣಮವ್ವ.

"ನಾಳಿ ಅಮಾಸಿ ಹತ್ತತೈತಂತ್ರಿ. ಕೂಸ ಬಾಣಂತಿ ಹೊಸ್ತಲಾ ದಾಟಸಬಾರದು ಅಂದ್ರು ಪೂಜಾರಿ. ಅದಕ್ಕ ಇವತ್ತಽ ಬಂದ್ನಿ," ಎಂದು ಬಕೀಟನ್ನು ದಾಟಿ ಒಳಗೆ ಬಂದಳು. "ಬಕೀಟ ಯಾಕ ಓಡ್ಯಾಡತೈತ್ರಿ?"

ನಾನು ತಟಕ್ಕನೆ ಕೌದಿಯನ್ನು ತಂತಿಯ ಮೇಲೆ ಎಸೆದೆ. ಬೇರೆ ಎಲ್ಲಿ ಅಡಗಿಸಲಿ, ನೀರು ಸೋರುತ್ತಿತ್ತು. ಕಟ್ಟೆಯ ಮೇಲೆ ನಂದಾ ಬಿಸಾಕಿದ್ದ ಕಾಲುಚೀಲ ಬಿದ್ದಿತ್ತು. ಹಣಮವ್ವನ ಮಗನದು, ಹೊಟ್ಟೆ ತುಂಬ ಭಂಡಾರ. ಅದನ್ನು ಬಾಚಿ ಎದೆಯ ಜೇಬಿನೊಳಗೆ ತುರುಕಿಕೊಂಡು, "ಬರ್ರಿ ಬೀಗತ್ಯಾರ, ಕುಂದ್ರಿ," ಎಂದೆ.

ಅವಳು ಕೂರಲಿಲ್ಲ. ನೇರ ತಂತಿಯ ಹತ್ತಿರ ಹೋದಳು. ಹಂದರದಲ್ಲಿ ಮಾಡಿದಂತೆಯೇ ಕೌದಿಯ ಅಂಚು ಹಿಡಿದು ಬೆರಳಾಡಿಸಿದಳು. ಕಾಜಲ್ ಕೂಸನ್ನು ಎದೆಗೆ ಒತ್ತಿಕೊಂಡು ಕಂಬಕ್ಕೆ ಒರಗಿ ನಿಂತಳು. ನಂದಾಳ ತುಟಿ ಅಲ್ಲಾಡುತ್ತಿತ್ತು. ನನ್ನನ್ನು ಬೈಯುತ್ತಿದ್ದಳೋ, ದೇವರನ್ನು ಕರೆಯುತ್ತಿದ್ದಳೋ. ಹಣಮವ್ವ ಮೂಸಿದಳು. ಇನ್ನೊಮ್ಮೆ ಮೂಸಿದಳು. ಹಿಂದಕ್ಕೆ ಸರಿದು ಕಾಲಿನ ಚಪ್ಪಲಿ ಬಿಟ್ಟಳು.

"ಭಂಡಾರ ಐತಲ್ಲ ಇದು! ಬೀರಪ್ಪನ ಭಂಡಾರಲೆ ಬರದು ಹೊಲದ ಕೌದಿ!"

ಮತ್ತೆ ಹತ್ತಿರ ಬಂದು ಕೌದಿಯನ್ನು ಅಗಲಕ್ಕೆ ಬಿಡಿಸಿದಳು.

"ಅರಿಷಿಣ ಒಂದ ಕಡಿ, ಕುಂಕಮ ಒಂದ ಕಡಿ. ನಡಕ ನೋಡ್ರಿ ನಡಕ! ಸುತ್ತಗಟ್ಟಿ ನಿಂತಾವು ದೇವರ ಕುರಿ. ಮೂಗು, ಬಾಯಿ, ಎಲ್ಲಾ ಹಂಗಽ ಅದಾವು. ಬ್ಯಾ ಅನ್ನೂದೊಂದು ಬಾಕಿ!" ಎಂದು ಕೌದಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. "ಯಾರ ಹೊಲದಾರ ಇದನ್ನ?"

ನಂದಾ ನನ್ನತ್ತ ನೋಡಿ ಕಣ್ಣಲ್ಲೇ ಹೇಳಿದಳು: ಬಾಯಿ ಮುಚ್ಚಿಕೊಂಡಿರಿ. ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ನನ್ನ ಕೈಕೆಲಸವನ್ನು ಒಬ್ಬರು, ಅದೂ ಹಣಮವ್ವನಂಥವಳು, ಚಪ್ಪಲಿ ಬಿಟ್ಟು ಹೊಗಳುತ್ತಿರುವಾಗ ಸುಮ್ಮನಿರಲು ನಾನೇನು ಸಂತನೇ?

"ನಾನಽ ಹೊಲದೀನ್ರಿ. ಅಚ್ಚು ಹಾಕಿದಾಂವನೂ ನಾನಽ," ಎಂದು ಎದೆಯುಬ್ಬಿಸಿದೆ.

ಉಬ್ಬಿಸಿದ ಎದೆಯ ಮೇಲೆ ಅವಳ ಕಣ್ಣು ನಿಂತಿತು. ನನ್ನ ಅಂಗಿ ಬಿಳಿ. ಒದ್ದ ಬಕೀಟಿನ ನೀರು ಚಿಮ್ಮಿ ಮೈಯೆಲ್ಲ ತೊಯ್ದಿತ್ತು. ಜೇಬಿನೊಳಗಿನ ಕಾಲುಚೀಲ ತನ್ನ ಕೆಲಸ ತಾನು ಮಾಡುತ್ತಿತ್ತು. ಎದೆಯ ಎಡಭಾಗದಲ್ಲಿ ಹಳದಿ ನಿಧಾನವಾಗಿ ಅರಳುತ್ತಿತ್ತು.

"ಅಯ್ಯ ನನ್ನ ದೇವರಽ!" ಎಂದಳು ಹಣಮವ್ವ. "ಬೀಗರ ಎದಿ ಒಳಗಿಂದ ಭಂಡಾರ ಮೂಡೈತಿ!" ನಾನು ಹಿಂದೆ ಸರಿಯುವಷ್ಟರಲ್ಲಿ ಮುಂದೆ ಬಂದು ನನ್ನ ಜೇಬಿಗೆ ಬೆರಳು ಮುಟ್ಟಿಸಿ, ಆ ಬೆರಳನ್ನು ತನ್ನ ಹಣೆಗೂ ಕೂಸಿನ ಹಣೆಗೂ ಹಚ್ಚಿದಳು. ಒಳಗಿದ್ದದ್ದು ಅವಳ ಮಗನ ಬಲಗಾಲಿನ ಕಾಲುಚೀಲ. ಕಾಜಲ್ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ತವರು ಬಿಟ್ಟು ಹೋಗುವ ಸಂಕಟ ಎಂದು ಹಣಮವ್ವ ಕಣ್ಣೊರೆಸಿಕೊಂಡಳು.

ಮುಂದಿನದೆಲ್ಲ ಅವಳದೇ ದರಬಾರು. ದೇವರ ಕೌದಿಯ ಮೇಲೆ ಕೂಸನ್ನು ಮಲಗಿಸಬಾರದು, ಅದು ಸೊರಡಿಯ ಜಗುಲಿಯ ಮೇಲೆ ಇರತಕ್ಕದ್ದು. ಹಾಗಾದರೆ ತೊಟ್ಟಿಲಿಗೆ? "ಕೂಸಿಗಿ ಹೊಸಾ ಅರಿವಿ ಯಾರ ಹಾಸತಾರ್ರಿ, ಚುಚ್ಚತೈತಿ. ಹಳೀದು, ಮೆತ್ತಂದು ಬೇಕು," ಎಂದು ಮನೆಯೆಲ್ಲ ಕಣ್ಣಾಡಿಸಿ, ನನ್ನ ಮಂಚದ ಮೇಲಿನ ಕೌದಿಯನ್ನು ಎತ್ತಿಕೊಂಡಳು. ನನ್ನ ತಾಯಿಯ ಹಳೆಯ ಸೀರೆಗಳಿಂದ ಹೊಲಿದದ್ದು. ಅದಿಲ್ಲದೆ ನನಗೆ ಕಣ್ಣು ಹತ್ತುವುದಿಲ್ಲ. ಬಾಯಿ ತೆರೆದೆ. ಕೂಸು ಅದರೊಳಗೆ ಸುತ್ತಿಕೊಂಡು ಆಗಲೇ ನಿದ್ದೆ ಹೋಗಿತ್ತು. ಬಾಯಿ ಮುಚ್ಚಿದೆ.

ಜೀಪು ಹತ್ತುವ ಮೊದಲು ಹಣಮವ್ವ ನಮ್ಮ ಡಬ್ಬಿಯಿಂದ ಒಂದು ಹಿಡಿ ಭಂಡಾರ ತೆಗೆದುಕೊಂಡು ಮೇಲಕ್ಕೆ ತೂರಿದಳು.

"ಬೀರಪ್ಪಾ, ಕೇಳು! ನನ್ನ ಮೊಮ್ಮಗನ ಜಾವಳದೊಳಗ ನಮ್ಮ ಬೀಗರು ನಿನ್ನ ಪಲ್ಲಕ್ಕಿಗಿ ಇಂಥಾದಽ ಒಂದು ದೊಡ್ಡ ಕೌದಿ ಹೊಲದು ಒಪ್ಪಸ್ತಾರ. ತುಂಬ ಕುರಿ ಇರಬೇಕು. ಹೆಂಗಸರ ಕೈ ಹಚ್ಚಂಗಿಲ್ಲ. ಚಾಂಗಭಲೋ!" ಎಂದು ಜೈಕಾರ ಹಾಕಿದಳು.

ಹರಕೆ! ನನ್ನ ಹೆಸರಿನಲ್ಲಿ, ನನ್ನ ಅಂಗಳದಲ್ಲಿ, ನನ್ನನ್ನು ಒಂದು ಮಾತು ಕೇಳದೆ! ನಂದಾ ಒಂದು ಮಾತು ಆಡಿದ್ದರೆ ತಪ್ಪಿಸಬಹುದಿತ್ತು. ನಾನು ಅವಳತ್ತ ನೋಡಿದೆ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಹೆಂಡತಿಯನ್ನು ಹಾಗೆ ದೀನನಾಗಿ ನೋಡಿದ್ದು ಅದೇ ಮೊದಲು. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು, ಬಲು ಭಕ್ತಿಯಿಂದ, "ಹೂಂನ್ರಿ ಅಕ್ಕಾರ. ಅವರ ಕೈಗುಣ ಅದು. ಮಶೀನ ಮ್ಯಾಲ ಕುಂತ್ರ ಎಬ್ಬಿಸಿದ್ರೂ ಏಳಂಗಿಲ್ಲ," ಎಂದಳು.

ಕಾಜಲ್ ಸೊರಡಿಗೆ ಹೋಗಿ ರಾಣಿಯ ಹಾಗಿದ್ದಾಳೆ. ಈಗ ಅಲ್ಲಿ ಸಾರು ಉಪ್ಪಾದರೂ "ದೇವರ ಮನಿ ಹುಡಿಗಿ, ಇರಲಿ ಬಿಡು" ಎನ್ನುತ್ತಾರಂತೆ. ಅಷ್ಟರ ಮಟ್ಟಿಗೆ ಸಂತೋಷ. ನಾನು ಮಾತ್ರ ಅಚ್ಚು, ನೀಲಿ ಪುಡಿ, ಬಟ್ಟೆ ಮುಂದಿಟ್ಟುಕೊಂಡು ಕುಳಿತೆ, ಎದ್ದೆ, ಕುಳಿತೆ. ವಿಚಿತ್ರ ನೋಡಿ: ಕುರಿ ಹೊಲಿಯಬೇಕೆಂದು ಕುಳಿತರೆ ಒಂದೂ ಕುರಿ ಆಗುವುದಿಲ್ಲ. ಕತ್ತೆಯಾಗುತ್ತದೆ, ಗಡಿಗೆಯಾಗುತ್ತದೆ, ಒಂದು ಸಲ ಸಾಕ್ಷಾತ್ ನಮ್ಮ ದೊಡ್ಡವ್ವ ಆಯಿತು. ಮೊಮ್ಮಗನ ಹುಟ್ಟುಗೂದಲು ತೆಗೆಸುವ ಜಾವಳವೂ ಮುಗಿಯಿತು. ಅಂದು ನಾನು ಹೊಟ್ಟೆನೋವೆಂದು ಮಲಗಿಕೊಂಡಿದ್ದೆ. ಹೊದೆಯಲು ಕೌದಿ ಇರಲಿಲ್ಲ.

ಆವತ್ತಿನಿಂದ ಪ್ರತಿ ಅಮಾವಾಸ್ಯೆಗೂ ಹಣಮವ್ವನ ಫೋನು ಬರುತ್ತದೆ. "ಎಲ್ಲೀತನಾ ಬಂತ್ರಿ ಬೀಗರ?" "ಅಚ್ಚು ಹಾಕೀನ್ರಿ, ಇನ್ನ ಹೊಲ್ಯೂದಷ್ಟಽ" ಎನ್ನುತ್ತೇನೆ. ಮೊನ್ನೆ ಕಾಜಲ್ ಗುಟ್ಟಾಗಿ ಇನ್ನೊಂದು ಸುದ್ದಿ ಹೇಳಿದಳು. ಹೊಸದು ಹೇಗೂ ಬರುತ್ತದೆಂದು ಹಣಮವ್ವ ಸೊರಡಿಯ ಪಲ್ಲಕ್ಕಿಯ ಹಳೆಯ ಗಾದಿಯನ್ನು ಹರಕೆ ಹೊತ್ತ ದಿನವೇ ತೆಗೆಸಿಬಿಟ್ಟಳಂತೆ. ಈಗ ಬೀರಪ್ಪನ ಕೆಳಗೆ ಹಾಸಿರುವುದು ಪೂಜಾರಿಯ ಟಾವೆಲು. ಬಂದ ಭಕ್ತರು ಇದೇನೆಂದು ಕೇಳಿದರೆ ಪೂಜಾರಿ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಾನಂತೆ:

"ಮುಚ್ಚಂಡಿ ಅಮೋಗಸಿದ್ದನ ಕೌದಿ ಬರೂದೈತ್ರಿ. ಅಲ್ಲೀತನಾ ದೇವರಽ ತಡಕೊಂಡು ಕುಂತಾನ."